ಚಳಿಗಾಲದಲ್ಲಿ ಆಮೆಯ ಪ್ರಯಾಣ

2018ರ ನವೆಂಬರ್ ಕೊನೆಯಲ್ಲಿ ಸಿಂಗಪುರದಿಂದ ಬೆಂಗಳೂರಿಗೆ ವಿಮಾನದಲ್ಲಿ 51 ನಕ್ಷತ್ರ ಆಮೆಗಳು ಬಂದಿಳಿದವು. ಅಲ್ಲಿ ಅಕ್ರಮವಾಗಿ ಸಾಕಲ್ಪಟ್ಟಿದ್ದ ಇವನ್ನು ಆ ದೇಶದ ‘ಏಕರ್ಸ್’ ಸಂಸ್ಥೆ, ನಮ್ಮ ‘ವೈಲ್ಡ್‌ಲೈಫ್ ಎಸ್‌ಒಎಸ್’ ಹಾಗೂ ಕರ್ನಾಟಕ ಅರಣ್ಯ ಇಲಾಖೆ ಸೇರಿ ತವರಿಗೆ ತಂದಿದ್ದವು. ವರ್ಷವಿಡೀ ಬೆವರು ಸುರಿಯುವ ಊರಿನಿಂದ, ಸ್ವೆಟರ್ ಹುಡುಕುವ ಕಾಲದ ಬೆಂಗಳೂರಿಗೆ! ಇಂಥ ಪ್ರಯಾಣದಲ್ಲಿ ಆಮೆಯನ್ನು ಕಾಪಾಡುವುದು ಹೇಗೆ?

ತರಗತಿಯಲ್ಲಿ ಕೇಳಿದರೆ ಹತ್ತು ಕೈಗಳು ಮೇಲೇಳುತ್ತವೆ: “ಕಂಬಳಿ ಹೊದಿಸಬೇಕು ಸಾರ್.” ಆದರೆ ಕಂಬಳಿಗೆ ತನ್ನದೇ ಶಾಖವಿಲ್ಲ, ಒಳಗಿನ ಶಾಖ ಹೊರಹೋಗದಂತೆ ತಡೆಯುವುದಷ್ಟೇ ಅದರ ಕೆಲಸ. ಉಂಡ ಅನ್ನದಿಂದ ನಮ್ಮ ದೇಹವೇ ಶಾಖ ಹುಟ್ಟಿಸಿಕೊಳ್ಳುವುದರಿಂದ ಕಂಬಳಿ ನಮಗೆ ಬೆಚ್ಚಗೆ. ಆಮೆ, ಹಾವು, ಓತಿಕ್ಯಾತಗಳಿಗೆ ಆ ಒಲೆ ಇಲ್ಲವೆಂದೇ ಹೇಳಬೇಕು. ಮನೆಯಲ್ಲೇ ಪರೀಕ್ಷಿಸಿ: ರಾತ್ರಿ ಒಂದು ಥರ್ಮಾಮೀಟರನ್ನು ಕಂಬಳಿಯಲ್ಲಿ ಸುತ್ತಿಡಿ, ಇನ್ನೊಂದನ್ನು ಪಕ್ಕದಲ್ಲಿಡಿ. ಬೆಳಿಗ್ಗೆ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಅಂಕಿ. (ಜ್ವರ ನೋಡುವ ಥರ್ಮಾಮೀಟರ್ ಇದಕ್ಕಾಗದು.)

ಹಾಗಾದರೆ ಕುರುಚಲು ಕಾಡಿನ ನಕ್ಷತ್ರ ಆಮೆ ಚಳಿಗಾಲವನ್ನು ಹೇಗೆ ಕಳೆಯುತ್ತದೆ? ಬಿಸಿಲಿಗೆ ಬಂದು ಮೈ ಕಾಯಿಸಿಕೊಳ್ಳುತ್ತದೆ, ಸೆಖೆಯಾದರೆ ಪೊದೆಯಡಿ ಸರಿಯುತ್ತದೆ. ಆ ನಡೆದಾಟವೇ ಅದರ ರಕ್ಷಣೆ. ಪೆಟ್ಟಿಗೆಯಲ್ಲಿಟ್ಟೊಡನೆ ನಾವು ಕಸಿದುಕೊಳ್ಳುವುದು ಅದನ್ನೇ.

ಆದ್ದರಿಂದ ಪೆಟ್ಟಿಗೆ ಕಟ್ಟುವವರೇ ಪ್ರಾಣಿಯ ಪರವಾಗಿ ಯೋಚಿಸಬೇಕು. ಒಳಗೆ ಥರ್ಮಾಕೋಲ್, ಗಾಳಿಗೆ ರಂಧ್ರಗಳು, ಆಮೆ ಉರುಳದಂತೆ ಕಾಗದದ ಚೂರು. ಹಾವಾದರೆ ಬಟ್ಟೆಯ ಚೀಲ. ಬೆಚ್ಚನೆಯ ಕೋಣೆಯಲ್ಲೇ ಕಟ್ಟಬೇಕು, ಏಕೆಂದರೆ ಥರ್ಮಾಕೋಲ್ ತಂಪನ್ನೂ ಅಷ್ಟೇ ನಿಷ್ಠೆಯಿಂದ ಕಾಯುತ್ತದೆ. ಹೊರಡುವ ಮುನ್ನ ಹೊಟ್ಟೆ ತುಂಬಿಸುವುದು ನಮ್ಮ ತಾಯಂದಿರ ಪದ್ಧತಿ. ಸರೀಸೃಪಕ್ಕೆ ಅದೇ ಕುತ್ತು. ಮೈ ತಣ್ಣಗಾದರೆ ಜೀರ್ಣಕ್ರಿಯೆ ನಿಂತು, ತಿಂದದ್ದು ಹೊಟ್ಟೆಯಲ್ಲೇ ಕೊಳೆಯುತ್ತದೆ.

ವಿದೇಶಗಳಲ್ಲಿ ಪೆಟ್ಟಿಗೆಯೊಳಗೆ ಶಾಖದ ಪೊಟ್ಟಣ ಇಡುವುದುಂಟು. ಅದರಲ್ಲಿರುವುದು ಕಬ್ಬಿಣದ ಪುಡಿ. ಗಾಳಿ ತಾಗಿ ತುಕ್ಕು ಹಿಡಿಯುವಾಗ ಶಾಖ ಹೊಮ್ಮುತ್ತದೆ – ಪಠ್ಯಪುಸ್ತಕದ ಉತ್ಕರ್ಷಣವೇ. ಆದರೆ ಆಮ್ಲಜನಕ ಅದಕ್ಕೂ ಬೇಕು, ಪ್ರಾಣಿಗೂ ಬೇಕು. ರಂಧ್ರ ಮುಚ್ಚಿದರೆ ಎರಡೂ ಆರುತ್ತವೆ. ಪೊಟ್ಟಣ ಮೈಗೆ ತಾಗಿದರೆ ಸುಡುತ್ತದೆ. ನನ್ನನ್ನು ಕೇಳಿದರೆ, ಚಳಿ ಇಳಿಯುವವರೆಗೆ ಪ್ರಯಾಣ ಮುಂದೂಡುವುದೇ ಮೇಲು. ಮಾಸ್ತಿಯಿಂದ ಬೆಂಗಳೂರಿನ ಪಶುವೈದ್ಯರಲ್ಲಿಗೆ ಒಯ್ಯಲೇಬೇಕಾದರೆ ನಸುಕಿನ ಬಸ್ಸು ಬಿಟ್ಟು, ಬಿಸಿಲೇರಿದ ಮೇಲೆ ಹೊರಡಿ. ಕಿಟಕಿಯ ಪಕ್ಕ ಕೂರಬೇಡಿ.

ಕಳ್ಳಸಾಗಣೆದಾರರಿಗೆ ಇದಾವುದೂ ಬೇಕಿಲ್ಲ. 2023ರ ಆಗಸ್ಟ್‌ನಲ್ಲಿ ಬ್ಯಾಂಕಾಕ್‌ನಿಂದ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಬಂದ ಪ್ರಯಾಣಿಕನ ಸಾಮಾನಿನಲ್ಲಿ ಹೆಬ್ಬಾವು, ಇಗ್ವಾನ, ಊಸರವಳ್ಳಿ ಸೇರಿ 234 ಪ್ರಾಣಿಗಳಿದ್ದವು. ಅದು ಚಳಿಗಾಲವೂ ಅಲ್ಲ. ಆದರೂ ಜೊತೆಗಿದ್ದ ಕಾಂಗರೂ ಮರಿ ಸತ್ತಿತ್ತು.

ಪೋಷಕರಲ್ಲಿ ಒಂದು ಮಾತು. ನಕ್ಷತ್ರ ಆಮೆ ಮನೆಯಲ್ಲಿದ್ದರೆ ಅದೃಷ್ಟವೆಂದು ನಂಬಿದವರಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದು ಜೈಲಿಗೆ ದಾರಿ. ಮಕ್ಕಳಿಗೆ ಹೊಲದಲ್ಲಿ ಸಿಕ್ಕರೆ ಅಲ್ಲೇ ಬಿಡಲು ಹೇಳಿ. ಪರದೇಶದ ಇಗ್ವಾನ, ಬಾಲ್ ಪೈಥಾನ್ ಸಾಕಿದವರೂ 2024ರ ನಿಯಮಗಳಂತೆ ನೋಂದಣಿ ಮಾಡಿಸಬೇಕು.

ಇನ್ನು ಊರು ತಲುಪಿದ ಮೇಲೆ. ಪ್ರಾಣಿ ತಣ್ಣಗಾಗಿ ಅಲುಗಾಡದಿದ್ದರೆ ಸತ್ತಿತೆಂದು ಎಸೆಯಬೇಡಿ, ಒಲೆಯ ಮುಂದೆಯೂ ಇಡಬೇಡಿ. ಕೋಣೆಯ ಶಾಖದಲ್ಲೇ ನಿಧಾನವಾಗಿ ಚೇತರಿಸಿಕೊಳ್ಳಲಿ. ಆಮೇಲೆ ನೀರು, ಮರುದಿನ ಆಹಾರ. ಮೂಗಿನಲ್ಲಿ ಗುಳ್ಳೆ ಕಂಡರೆ ಅದು ಶ್ವಾಸಕೋಶದ ಸೋಂಕಿರಬಹುದು, ವೈದ್ಯರಿಗೆ ತೋರಿಸಿ. ಸಿಂಗಪುರದ ಆ 51 ಆಮೆಗಳನ್ನೂ ಬಂದ ದಿನವೇ ಕಾಡಿಗೆ ಬಿಡಲಿಲ್ಲ. ಮೊದಲು ಪ್ರತ್ಯೇಕವಾಗಿಟ್ಟು ನೋಡಿಕೊಂಡರು.