ಮುರುಗಲು ತಾಗಿದ್ದೇ ಚುರ್!

ಅಪ್ಸರಕೊಂಡ ಜಲಪಾತ ನೋಡೋಕೆ ಬೇಸಿಗೆಯಲ್ಲಿ ಹೊನ್ನಾವರಕ್ಕೆ ಬಂದ್ರೆ, ಅಂಗಳದಲ್ಲಿ ಮುರುಗಲು ಸಿಪ್ಪೆ ಒಣಗ್ತಿರೋದು ಕಾಣಬಹುದು. ಹಣ್ಣು ಒಡೆಯೋರ ಬೆರಳಲ್ಲಿ ಸಣ್ಣ ಗೀರಿದ್ರೆ ಸಾಕು, ಕೆಂಪು ರಸ ತಾಗಿದ್ದೇ ಚುರ್!

ರಸದಲ್ಲಿರೋ ಆಮ್ಲದ ಈ ಉರಿಯಲ್ಲಿ 'ಏಸಿಕ್'ಗಳ ಪಾಲೂ ಇದೆ. ನರಕೋಶದ ಪೊರೆಯಲ್ಲಿ ಕೂತ ಪ್ರೋಟೀನ್ ಬಾಗಿಲುಗಳಿವು. ಮೂರು ತುಂಡು ಸೇರಿ ಒಂದು ಬಾಗಿಲು. ಆಮ್ಲ ತಾಗಿ ಹೊರಗಿನ ಪಿಎಚ್ 7.4ರಿಂದ 7ರ ಕೆಳಗಿಳಿದ್ರೆ ತೆರೆದು, ಸೋಡಿಯಂ ಅಯಾನುಗಳನ್ನ ಒಳಗೆ ಬಿಡ್ತವೆ; ಆಗ ನರ ಉರಿಯ ಸುದ್ದಿ ಕಳಿಸುತ್ತೆ.

ಮಜಾ ಇರೋದು ಆಮೇಲೆ. ಆಮ್ಲ ಅಲ್ಲೇ ಇದ್ರೂ 'ಏಸಿಕ್-1ಎ' ಅನ್ನೋ ಬಗೆ ಕೆಲವೇ ಸೆಕೆಂಡಲ್ಲಿ ಮುಚ್ಚಿಕೊಳ್ಳುತ್ತೆ! ಕೆಟ್ಟುಹೋಗಿದ್ದಲ್ಲ. ಒಳಗಿನ ಪುಟ್ಟ ಕೊಂಡಿಯೊಂದು ತಿರುಗಿ ಕೂರುತ್ತೆ. ಮೇಲ್ಭಾಗ ಆಮ್ಲವನ್ನ ಹಿಡಿದೇ ಇದ್ರೂ ಕೆಳಗಿನ ರಂಧ್ರ ಬಂದ್. ಇದಕ್ಕೆ 'ಡಿಸೆನ್ಸಿಟೈಸೇಶನ್' ಅಂತಾರೆ. ನಾವು 'ಜಡವಾಗೋದು' ಅಂದ್ರೆ ಸಾಕು. ಇನ್ನೂ ವಿಚಿತ್ರ ಅಂದ್ರೆ, ತೆರೆಯೋಕೆ ಸಾಲದಷ್ಟು ಸೌಮ್ಯ ಆಮ್ಲದಲ್ಲಿ ಮೊದಲೇ ನೆನೆದಿದ್ರೆ, ಆಮೇಲೆ ಜೋರು ಆಮ್ಲ ಬಂದ್ರೂ ಈ ಬಾಗಿಲು ಮಿಸುಕಲ್ಲ.

ಹಾಗಾದ್ರೆ ಉರಿ ಯಾಕೆ ತಕ್ಷಣ ನಿಲ್ಲಲ್ಲ? ಅದರ ಬಂಧು 'ಏಸಿಕ್-3' ಪೂರ್ತಿ ಮುಚ್ಚಲ್ಲ. ಮೆಣಸಿನಕಾಯಿ ಖಾರ ಹಿಡಿಯೋ 'ಟಿಆರ್‌ಪಿವಿ-1' ಬಾಗಿಲೂ ಜೋರು ಆಮ್ಲಕ್ಕೆ ತೆರೆಯುತ್ತೆ.

ಬೆರಳು ತೊಳ್ಕೊಳ್ಳಿ. ಪಿಎಚ್ 7.4ಕ್ಕೆ ಮರಳಿದ ಮೇಲೆ ಸ್ವಲ್ಪ ಹೊತ್ತಿಗೇ ಏಸಿಕ್-1ಎ ಮುಂದಿನ ಹಣ್ಣಿಗೆ ರೆಡಿ.