ಇಳಿಯುವ ಜಾಗಕ್ಕೇ ಬೆಲೆ

“ಹೈವೇ ಪಕ್ಕದ ಜಮೀನು, ಇನ್ನೇನು ಯೋಚನೆ?” 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾದ ಮೇಲೆ ಮಂಡ್ಯ ಸೀಮೆಯಲ್ಲಿ ಬ್ರೋಕರುಗಳ ಬಾಯಲ್ಲಿ ಇದೇ ಮಾತು. ಇದನ್ನು ನಂಬಿ ಗದ್ದೆ ಮಾರಿದವರಿದ್ದಾರೆ, ಸಾಲ ಮಾಡಿ ಸೈಟು ಕೊಂಡವರಿದ್ದಾರೆ. ಅದಕ್ಕೇ ಈ ನಂಬಿಕೆಗಳನ್ನು ಬಿಡಿಸಿ ನೋಡಬೇಕು.

ನಂಬಿಕೆ: ರಸ್ತೆ ಹತ್ತಿರವಾದಷ್ಟೂ ಬೆಲೆ ಹೆಚ್ಚು

ಹಳೆಯ ರಸ್ತೆಯ ಕಾಲಕ್ಕೆ ಇದು ನಿಜವಾಗಿತ್ತು. ಅಂಗಡಿ ಮುಂದೆ ಬಸ್ಸು, ಕಾರು ನಿಲ್ಲುತ್ತಿದ್ದವು. ಈಗಿನ 118 ಕಿ.ಮೀ. ಹೆದ್ದಾರಿಯ ನಡುವಿನ ಆರು ಪಥಗಳಿಗೆ ಬೇಕೆಂದಲ್ಲಿ ಹತ್ತುವಂತಿಲ್ಲ, ಬೇಕೆಂದಲ್ಲಿ ಇಳಿಯುವಂತಿಲ್ಲ. 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಅಲ್ಲಿ ಪ್ರವೇಶವೇ ಇಲ್ಲ. ಕಬ್ಬು ತುಂಬಿದ ಟ್ರ್ಯಾಕ್ಟರಿನ ರೈತನಿಗೆ ಹೊಲದ ಬದಿಯ ಈ ರಸ್ತೆ ತುಂಬಿದ ಹೊಳೆ ಇದ್ದ ಹಾಗೆ. ಆಚೆ ದಡಕ್ಕೆ ಹೋಗಬೇಕಾದರೆ ಕೆಳಸೇತುವೆ ಇರುವಲ್ಲಿಗೇ ಸುತ್ತಬೇಕು. ಹೆದ್ದಾರಿಗೆ ಅಂಟಿಕೊಂಡ ಜಮೀನಿನವರೂ ರಸ್ತೆಗೆ ದಾರಿ ಬಿಡಿಸಿಕೊಳ್ಳಲು 2002ರ ಹೆದ್ದಾರಿ ನಿಯಂತ್ರಣ ಕಾಯ್ದೆಯಡಿ ಅನುಮತಿ ಪಡೆಯಬೇಕು.

ಈ ವಿಷಯಕ್ಕೆ ಮದ್ದೂರಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಮದ್ದೂರು ವಡೆ ಹೆಸರು ಮಾಡಿದ್ದು ರೈಲ್ವೆ ನಿಲ್ದಾಣದಲ್ಲಿ. ರೈಲು ಓಡಿದ್ದಕ್ಕಲ್ಲ, ಅಲ್ಲಿ ನಿಂತಿದ್ದಕ್ಕೆ. ಆಮೇಲೆ ಹಳೆಯ ಹೆದ್ದಾರಿಯ ಹೋಟೆಲುಗಳೂ ನಿಲ್ಲುವ ಕಾರುಗಳಿಂದಲೇ ಬದುಕಿದವು. ಬೈಪಾಸ್ ಆದ ಮೇಲೆ ಪ್ರಯಾಣಿಕರು ಊರನ್ನು ಮುಟ್ಟದೆ ಮುಂದೆ ಸಾಗುತ್ತಿದ್ದಾರೆ, ಹಳೆಯ ರಸ್ತೆಯ ವ್ಯಾಪಾರ ಬಿದ್ದಿದೆ. ಚನ್ನಪಟ್ಟಣದ ಬೊಂಬೆ ಅಂಗಡಿಯವರ ಅಳಲೂ ಇದೇ. ಹಾಗೆಂದು ಪೇಟೆಯಲ್ಲಿ ಎಲ್ಲದರ ಬೆಲೆಯೂ ಬಿತ್ತೆಂದಲ್ಲ. ಲಾರಿಗಳ ಅಬ್ಬರ ತಗ್ಗಿದ ಬೀದಿ ಮಕ್ಕಳಿರುವ ಮನೆಗೆ ಹೆಚ್ಚು ಒಪ್ಪುತ್ತದೆ. ಮಳಿಗೆಯ ಬಾಡಿಗೆಯನ್ನೂ ಮನೆಯ ಬೆಲೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು.

ನಂಬಿಕೆ: ಯೋಜನೆ ಘೋಷಣೆಯಾದರೆ ಸಾಕು, ಈಗಲೇ ಕೊಳ್ಳಬೇಕು

ಮಳವಳ್ಳಿಯವರನ್ನು ಕೇಳಿ. ಕನಕಪುರ, ಮಳವಳ್ಳಿ, ಕೊಳ್ಳೇಗಾಲದ ಮೇಲೆ ಹಾಯುವ ಹೆಜ್ಜಾಲ–ಚಾಮರಾಜನಗರ ರೈಲು ಮಾರ್ಗಕ್ಕೆ 1996-97ರಲ್ಲೇ ಮಂಜೂರಾತಿ ಸಿಕ್ಕಿತ್ತು. ಆ ವರ್ಷ ಹುಟ್ಟಿದ ಮಗುವಿಗೆ ಈಗ ಮದುವೆಯ ವಯಸ್ಸು ದಾಟುತ್ತಿದೆ. ಮಳವಳ್ಳಿಯಲ್ಲಿ ಇನ್ನೂ ರೈಲಿನ ಸದ್ದಿಲ್ಲ. “ಸ್ಟೇಷನ್ ಇಲ್ಲೇ ಬರೋದು” ಎಂಬ ಮಾತಿಗೆ ಹಣ ಕಟ್ಟಿದವರಿಗೆ ಬಡ್ಡಿಯ ಲೆಕ್ಕವೇ ಗತಿ.

ರಾಷ್ಟ್ರೀಯ ಹೆದ್ದಾರಿಯಾದರೆ ನೋಡಬೇಕಾದ್ದು ಭಾಷಣವನ್ನಲ್ಲ, ಅಧಿಸೂಚನೆಯನ್ನು. 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ ಸೆಕ್ಷನ್ 3ಎ ಅಡಿ ಸ್ವಾಧೀನಕ್ಕೆ ಗುರುತಿಸಿದ ಸರ್ವೆ ನಂಬರುಗಳು ಪ್ರಕಟವಾಗುತ್ತವೆ. 3ಡಿ ಅಧಿಸೂಚನೆ ಆದ ಮೇಲೆ ಜಮೀನು ಸರ್ಕಾರದ್ದು. ಕೊಳ್ಳಲು ಹೊರಟ ನಂಬರೇ ಆ ಪಟ್ಟಿಯಲ್ಲಿದ್ದರೆ ಸಿಗುವುದು ರಸ್ತೆ ಬದಿಯ ಸೈಟಲ್ಲ, ಪರಿಹಾರಕ್ಕಾಗಿ ಕಚೇರಿ ಅಲೆಯುವ ಕೆಲಸ.

ನಂಬಿಕೆ: ಜಮೀನು ರಸ್ತೆಗೆ ಹೋದರೂ ನಡೆಯುತ್ತಿರುವ ರೇಟು ಸಿಗುತ್ತದೆ

ನನಗೆ ಅತಿ ಹೆಚ್ಚು ಸಂಕಟ ಕೊಡುವ ನಂಬಿಕೆ ಇದು. ಕಾನೂನಿನ ಕಣ್ಣಿಗೆ ಟೀ ಅಂಗಡಿಯ ರೇಟು ಕಾಣುವುದಿಲ್ಲ, ನೋಂದಣಿಯಾದ ಕ್ರಯಪತ್ರ ಮಾತ್ರ ಕಾಣುತ್ತದೆ. 2013ರ ಭೂಸ್ವಾಧೀನ ಕಾಯ್ದೆಯ ಪರಿಹಾರದ ಸೂತ್ರ 2015ರ ಜನವರಿ 1ರಿಂದ ಹೆದ್ದಾರಿಗಳಿಗೂ ಅನ್ವಯ. ಅದರ ಪ್ರಕಾರ, ಸುತ್ತಮುತ್ತ ಹಿಂದಿನ 3 ವರ್ಷಗಳಲ್ಲಿ ಆದ ಕ್ರಯಪತ್ರಗಳನ್ನು ತೆಗೆದು, ಹೆಚ್ಚು ಬೆಲೆಯ ಅರ್ಧದಷ್ಟರ ಸರಾಸರಿ ಹಿಡಿಯುತ್ತಾರೆ. ಆ ಸರಾಸರಿ, ಇಲ್ಲವೇ ಮಾರ್ಗಸೂಚಿ ದರ, ಯಾವುದು ಹೆಚ್ಚೋ ಅದೇ ಆಧಾರ. ಹಳ್ಳಿಯ ಜಮೀನಿಗೆ ಅದನ್ನು 1ರಿಂದ 2ರವರೆಗಿನ ಅಂಕಿಯಿಂದ ಗುಣಿಸಿ, ಮೇಲೆ ಅಷ್ಟೇ ಮೊತ್ತದ ಸಾಂತ್ವನ ಧನ ಸೇರಿಸುತ್ತಾರೆ.

ಈಗ ನಮ್ಮ ರೂಢಿ ನೋಡಿ. ಗುಂಟೆಗೆ 3 ಲಕ್ಷ ಕೊಟ್ಟು, ಮುದ್ರಾಂಕ ಶುಲ್ಕ ಉಳಿಸಲು ಪತ್ರದಲ್ಲಿ 1 ಲಕ್ಷ ಎಂದು ಬರೆಸಿದೆವು ಎಂದಿಟ್ಟುಕೊಳ್ಳೋಣ. ನಾಳೆ ರಸ್ತೆ ಬಂದಾಗ ಆ ಸುಳ್ಳು 1 ಲಕ್ಷವೇ ಸಾಕ್ಷಿ. ಗುಣಾಕಾರ, ಸಾಂತ್ವನ ಧನ ಎಲ್ಲವೂ ಅದರ ಮೇಲೇ ನಿಲ್ಲುತ್ತವೆ. ಪೆಟ್ಟು ಕೊಂಡವನಿಗಷ್ಟೇ ಅಲ್ಲ. ಎಂದೂ ಒಂದು ಗುಂಟೆ ಮಾರದೆ ಉಳುಮೆ ಮಾಡಿಕೊಂಡಿದ್ದ ಪಕ್ಕದ ಹೊಲದ ಅಜ್ಜನಿಗೂ ಇದೇ ಲೆಕ್ಕ ಬೀಳುತ್ತದೆ.

ನಂಬಿಕೆ: ಬೆಲೆ ಏರಿದ್ದೆಲ್ಲ ಹೆದ್ದಾರಿಯಿಂದಲೇ

2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ಹೋದವು. ಕೃಷಿಕರಲ್ಲದವರೂ ಹೊಲ ಕೊಳ್ಳಬಹುದಾಯಿತು. ರಸ್ತೆ ಕಾಮಗಾರಿ ನಡೆಯುತ್ತಿದ್ದ ಹೊತ್ತಿಗೇ ಬೆಂಗಳೂರಿನ ಹಣಕ್ಕೂ ಬಾಗಿಲು ತೆರೆಯಿತು. ಎರಡರಲ್ಲಿ ಯಾವುದರ ಪಾಲು ಎಷ್ಟೆಂದು ಬೇರ್ಪಡಿಸದೆ “ರಸ್ತೆ ಬೆಲೆ” ಎನ್ನುವುದು ಅರ್ಧ ಲೆಕ್ಕ.

ಹಾಗಾದರೆ ಕೊಳ್ಳುವವರು ಏನು ಮಾಡಬೇಕು? ಅಡ್ವಾನ್ಸ್ ಕೊಡುವ ಮೊದಲು ಭೂಪರಿವರ್ತನೆಯ ಆದೇಶ, ಅನುಮೋದಿತ ಬಡಾವಣೆ ನಕ್ಷೆ, ಪಂಚಾಯಿತಿಯ ಇ-ಸ್ವತ್ತು ದಾಖಲೆ ಕೈಗೆ ಬರಲಿ. ಆಮೇಲೆ ಬ್ರೋಕರಿನ ಕಾರು ಬಿಟ್ಟು, ನಿಮ್ಮ ಬೈಕಿನಲ್ಲೇ ಮದ್ದೂರು ಬಸ್ ನಿಲ್ದಾಣದಿಂದ ಆ ಸೈಟಿನವರೆಗೆ ಒಮ್ಮೆ ಹೋಗಿ ಬನ್ನಿ. ಕಾರಿನಲ್ಲಿ ಹತ್ತು ನಿಮಿಷ ಎಂದದ್ದು ಬೈಕಿಗೆ ಎಷ್ಟಾಯಿತೆಂದು ಗಡಿಯಾರ ನೋಡಿಕೊಳ್ಳಿ.