ಆರು ಸಾವಿರ ವರ್ಷದ ಮ್ಯೂಸಿಯಂ, ಶಹಾಬಾದ್ ಕಲ್ಲಿನ ಸಾಕ್ಷಿ

ಅಮೆರಿಕದ ಕೆಂಟಕಿ ರಾಜ್ಯದ ಪೀಟರ್ಸ್‌ಬರ್ಗ್‌ನಲ್ಲಿ 2007ರ ಮೇ 28ರಂದು ಒಂದು ವಸ್ತುಸಂಗ್ರಹಾಲಯ ಬಾಗಿಲು ತೆರೆಯಿತು. ಹೆಸರು ಕ್ರಿಯೇಷನ್ ಮ್ಯೂಸಿಯಂ. ಕಟ್ಟಿದ್ದು ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಕೆನ್ ಹ್ಯಾಮ್ ಅವರ ‘ಆನ್ಸರ್ಸ್ ಇನ್ ಜೆನೆಸಿಸ್’ ಸಂಸ್ಥೆ. ತಗುಲಿದ ಖರ್ಚು ಸುಮಾರು 2.7 ಕೋಟಿ ಡಾಲರ್, ಅದರಲ್ಲಿ ಬಹುಪಾಲು ಭಕ್ತರು ಕೊಟ್ಟ ದೇಣಿಗೆ. ಬೈಬಲಿನ ಆದಿಕಾಂಡ ಹೇಳುವ ಸೃಷ್ಟಿಯ ಕಥೆ ಅಕ್ಷರಶಃ ನಡೆದ ಚರಿತ್ರೆ, ಭೂಮಿ ಹುಟ್ಟಿ ಆರು ಸಾವಿರ ವರ್ಷವಷ್ಟೇ ಆಗಿದೆ, ನೋಹನ ಕಾಲದ ಜಲಪ್ರಳಯವೇ ಬಂಡೆಗಳ ಪದರಗಳನ್ನೂ ಪಳೆಯುಳಿಕೆಗಳನ್ನೂ ಮಾಡಿಟ್ಟಿತು ಎಂಬುದು ಈ ಮ್ಯೂಸಿಯಂ ಸಾರುವ ಮಾತು.

ಒಳಗಿನ ಕೆಲಸ ಮಾತ್ರ ಉತ್ತಮ ದರ್ಜೆಯದು. ಪ್ರದರ್ಶನಗಳನ್ನು ರೂಪಿಸಿದ ಪ್ಯಾಟ್ರಿಕ್ ಮಾರ್ಷ್ ಅದಕ್ಕೂ ಮುಂಚೆ ಯೂನಿವರ್ಸಲ್ ಸ್ಟುಡಿಯೋದ ಮನರಂಜನಾ ಪಾರ್ಕಿನಲ್ಲಿ ದುಡಿದವರು. ಯಂತ್ರದ ಡೈನೊಸಾರ್‌ಗಳು ಕತ್ತು ತಿರುಗಿಸುತ್ತವೆ, ಅವುಗಳ ಪಕ್ಕದಲ್ಲೇ ಮನುಷ್ಯರ ಮಕ್ಕಳು ಆಡುತ್ತಿರುತ್ತಾರೆ. ಇನ್ನೊಂದು ಕಡೆ ಇಬ್ಬರು ವಿಜ್ಞಾನಿಗಳ ಬೊಂಬೆಗಳು ಒಂದೇ ಡೈನೊಸಾರ್‌ನ ಮೂಳೆ ಅಗೆಯುತ್ತಿವೆ. ಒಬ್ಬನಿಗೆ ಅದು ಕೋಟಿಗಟ್ಟಲೆ ವರ್ಷ ಹಳೆಯದು, ಇನ್ನೊಬ್ಬನಿಗೆ ಪ್ರಳಯದಲ್ಲಿ ಸತ್ತ ಪ್ರಾಣಿಯದು. ಸಾಕ್ಷ್ಯ ಒಂದೇ, ನೋಡುವ ಕಣ್ಣು ಬೇರೆ ಎಂದು ಈ ದೃಶ್ಯ ಹೇಳುತ್ತದೆ. ಇಡೀ ಮ್ಯೂಸಿಯಂ ನಿಂತಿರುವುದು ಈ ಒಂದು ಮಾತಿನ ಮೇಲೆ. ಮೂಳೆಯ ವಯಸ್ಸು ನೋಡುವವರ ನಂಬಿಕೆಗೆ ತಕ್ಕಂತೆ ಬದಲಾಗುತ್ತದೆಯೇ? ಬಂದ ಪ್ರತಿಭಟನೆಯೆಲ್ಲ ಈ ಪ್ರಶ್ನೆಯ ಸುತ್ತಲೇ ತಿರುಗಿತು.

ಬಾಗಿಲು ತೆರೆದ ದಿನವೇ ಗೇಟಿನಾಚೆ ಪ್ರತಿಭಟನಾಕಾರರು ಫಲಕ ಹಿಡಿದು ನಿಂತಿದ್ದರು. ಕೆಂಟಕಿ ಮತ್ತು ನೆರೆಯ ರಾಜ್ಯಗಳ ನೂರಾರು ಪ್ರಾಧ್ಯಾಪಕರು, ವಿಜ್ಞಾನಿಗಳು ಆಕ್ಷೇಪದ ಹೇಳಿಕೆಗೆ ಸಹಿ ಹಾಕಿದರು. ಇಲ್ಲಿ ಕಲಿತು ಬರುವ ಮಕ್ಕಳಿಗೆ ತರಗತಿಯಲ್ಲಿ ವಿಜ್ಞಾನ ಕಲಿಸುವುದು ಹೇಗೆ ಎಂಬುದು ಅವರ ಕಳವಳ. ಆದರೂ ಮೊದಲ ವರ್ಷವೇ ಸುಮಾರು ನಾಲ್ಕು ಲಕ್ಷ ಜನ ಟಿಕೆಟ್ ಕೊಂಡು ಒಳಗೆ ಹೋದರು. 2009ರ ಜೂನ್‌ನಲ್ಲಿ ಹತ್ತಿರದ ಸಿನ್ಸಿನಾಟಿಯಲ್ಲಿ ಪಳೆಯುಳಿಕೆ ತಜ್ಞರ ಸಮ್ಮೇಳನ ನಡೆದಾಗ ಎಪ್ಪತ್ತರಷ್ಟು ಮಂದಿ ಗುಂಪಾಗಿ ಹೋಗಿ ನೋಡಿ ಬಂದರು. ಬದುಕಿಡೀ ಬಂಡೆ ಓದಿದವರು ಅಲ್ಲಿನ ಫಲಕಗಳನ್ನು ಓದಿ ನೊಂದು ಹೊರಬಂದರು. 2014ರ ಫೆಬ್ರುವರಿ 4ರಂದು ಅದೇ ಮ್ಯೂಸಿಯಂ ಸಭಾಂಗಣದಲ್ಲಿ ಟಿವಿಯ ಜನಪ್ರಿಯ ವಿಜ್ಞಾನ ಪ್ರಚಾರಕ ಬಿಲ್ ನಾಯ್ ಮತ್ತು ಕೆನ್ ಹ್ಯಾಮ್ ವಾದಕ್ಕೆ ಕೂತರು. ನಿಮ್ಮ ಮನಸ್ಸು ಬದಲಾಗಲು ಏನು ಬೇಕು ಎಂದು ಇಬ್ಬರನ್ನೂ ಕೇಳಲಾಯಿತು. ಸಾಕ್ಷ್ಯ ಎಂದರು ನಾಯ್. ದೇವರ ವಾಕ್ಯದ ಮೇಲಿನ ನಂಬಿಕೆಯನ್ನು ಯಾವುದೂ ಅಲುಗಾಡಿಸಲಾರದು ಎಂಬುದು ಹ್ಯಾಮ್ ಕೊಟ್ಟ ಉತ್ತರದ ಸಾರ. ವಾದ ಅಲ್ಲಿಗೇ ಮುಗಿದಿತ್ತು ಎಂದು ನನಗನ್ನಿಸುತ್ತದೆ. ಈ ಸಂಸ್ಥೆ 2016ರಲ್ಲಿ ಅದೇ ರಾಜ್ಯದಲ್ಲಿ 510 ಅಡಿ ಉದ್ದದ ನೋಹನ ನಾವೆಯನ್ನೂ ಕಟ್ಟಿತು. ಅದಕ್ಕೆ ಸಿಕ್ಕ ತೆರಿಗೆ ರಿಯಾಯಿತಿಯ ಜಗಳ ಕೋರ್ಟು ಹತ್ತಿತು.

ಇದನ್ನು ಕ್ರೈಸ್ತಧರ್ಮ ಮತ್ತು ವಿಜ್ಞಾನದ ಜಗಳವೆಂದು ತಿಳಿಯುವುದು ತಪ್ಪು. ವಿಕಾಸವಾದ ಬರೀ ಊಹೆಯಲ್ಲ ಎಂದು 1996ರಲ್ಲಿ ಹೇಳಿದವರು ಪೋಪ್ ಎರಡನೇ ಜಾನ್ ಪಾಲ್. ಮಾನವ ಜೀನೋಮ್ ಯೋಜನೆಯನ್ನು ಮುನ್ನಡೆಸಿದ ಫ್ರಾನ್ಸಿಸ್ ಕಾಲಿನ್ಸ್ ಶ್ರದ್ಧಾವಂತ ಕ್ರೈಸ್ತರು, ವಿಕಾಸವನ್ನು ಒಪ್ಪಿದವರು. ಅಮೆರಿಕದ ಸಾವಿರಾರು ಪಾದ್ರಿಗಳು ವಿಕಾಸದ ಪಾಠದ ಪರವಾಗಿ ಸಹಿ ಹಾಕಿದ್ದಾರೆ. ನಂಬಿಕೆಗೆ ಗುಡಿ, ಚರ್ಚು, ಮಸೀದಿ ಇವೆ, ಅಲ್ಲಿ ಅದಕ್ಕೆ ಪೂರ್ಣ ಗೌರವವಿದೆ. ಮ್ಯೂಸಿಯಂ ಎಂಬ ಫಲಕ ಹಾಕಿದ ಮೇಲೆ ಒಳಗಿಟ್ಟ ವಸ್ತುವಿಗೆ ಉತ್ತರ ಕೊಡಬೇಕಾದ ಹೊಣೆ ಬರುತ್ತದೆ. ನನ್ನ ತಕರಾರು ಇಷ್ಟೇ.

ಇನ್ನು ನಮ್ಮ ಕಲಬುರಗಿಗೆ ಬರೋಣ. ಸ್ಟೇಶನ್ ಬಜಾರದ ಹಳೇ ಅಂಗಡಿಗಳ ಕಟ್ಟೆ, ಹಿಂದಿನ ಮನೆಗಳ ನೆಲ, ಅಂಗಳ, ಮೆಟ್ಟಿಲು ಎಲ್ಲೆಡೆ ಶಹಾಬಾದ್ ಪರಸಿ. ಮುಂಬಯಿ–ಚೆನ್ನೈ ರೈಲುಮಾರ್ಗದಲ್ಲಿ ವಾಡಿಯ ಕಡೆ ಹೊರಟರೆ ಸಿಗುವ ಶಹಾಬಾದಿನ ಗಣಿಗಳಿಂದ ಬಂದ ಸುಣ್ಣಕಲ್ಲು ಅದು. ವಾಡಿ, ಸೇಡಂ, ಮಳಖೇಡದ ಸಿಮೆಂಟು ಕಾರ್ಖಾನೆಗಳಿಗೂ ಇದೇ ಸುಣ್ಣಕಲ್ಲಿನ ನೆಲೆಯೇ ಆಧಾರ. ಭೂವಿಜ್ಞಾನಿಗಳು ಇದನ್ನು ಭೀಮಾ ಶಿಲಾವರ್ಗ ಎನ್ನುತ್ತಾರೆ. ಐವತ್ತು ಕೋಟಿ ವರ್ಷಕ್ಕೂ ಹಿಂದೆ ಇಲ್ಲಿದ್ದ ಆಳವಿಲ್ಲದ ಸಮುದ್ರದ ತಳದಲ್ಲಿ ಸುಣ್ಣದ ನುಣ್ಣನೆಯ ಕೆಸರು ಪದರ ಪದರವಾಗಿ ಕೂತು ಗಟ್ಟಿಯಾದದ್ದು. ಕಲ್ಲೊಡೆಯುವವರು ಉಳಿ ಇಟ್ಟು ಬಡಿದರೆ ಹಲಗೆಯಂತೆ ಎದ್ದು ಬರುವುದು ಆ ಪದರಗಳಿಂದಾಗಿಯೇ. ಈ ಕಲ್ಲಿನಲ್ಲಿ ಮೂಳೆಯಿಲ್ಲ, ಮೀನಿಲ್ಲ. ಪ್ರಪಂಚದ ಪ್ರಾಣಿಗಳನ್ನೆಲ್ಲ ಮುಳುಗಿಸಿದ ಒಂದೇ ಪ್ರಳಯದ ಕೆಸರಾಗಿದ್ದರೆ ಅವು ಎಲ್ಲಿ ಹೋದವು? ಮೂಳೆಯಿರುವ ಜೀವಿಗಳು ಬರುವ ಮೊದಲೇ ಈ ಕೆಸರು ಕಲ್ಲಾಗಿತ್ತು ಎಂಬುದೇ ಇದಕ್ಕಿರುವ ನೇರವಾದ ಉತ್ತರ.

ಈ ಸುಣ್ಣಕಲ್ಲಿನ ಮೇಲೆ ಹಲವೆಡೆ ಲಾವಾ ಹರಿದು ಹೆಪ್ಪುಗಟ್ಟಿದ ಕಪ್ಪು ಬಂಡೆಯಿದೆ. ಅದರ ವಯಸ್ಸು ಸುಮಾರು 6.6 ಕೋಟಿ ವರ್ಷ, ಡೈನೊಸಾರ್‌ಗಳು ಅಳಿದ ಕಾಲದ್ದು. ನಮ್ಮ ತೊಗರಿ ಬೆಳೆಯುವ ಎರೆಮಣ್ಣು ಆ ಬಂಡೆ ಕರಗಿ ಆದದ್ದು. ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ಕಡೆಗೆ ಹೋದರೆ ಮಣ್ಣಿನ ಬಣ್ಣ ಕೆಂಪಾಗುತ್ತದೆ. ಲಾವಾ ಬಂಡೆ ಮಳೆ ಬಿಸಿಲಿಗೆ ಬಹುಕಾಲ ಸವೆದರೆ ಅಂಥ ಕೆಂಪು ಬರುತ್ತದೆ.

ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಈಸಾಂಪುರದ್ದು. ಹುಣಸಗಿ ಸೀಮೆಯ ಈ ಊರು ಈಗ ಯಾದಗಿರಿ ಜಿಲ್ಲೆಯಲ್ಲಿದೆ, ಮೊದಲು ನಮ್ಮ ಜಿಲ್ಲೆಯದೇ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಈ ಕಣಿವೆಯಲ್ಲಿ ದಶಕಗಳ ಕಾಲ ದುಡಿದರು. 1990ರ ದಶಕದ ಕೊನೆಯಲ್ಲಿ ಈಸಾಂಪುರ ಅಗೆದಾಗ ಆದಿಮಾನವರ ಕಲ್ಲುಗಣಿಯೇ ಸಿಕ್ಕಿತು. ಅಲ್ಲಿ ಸುಣ್ಣಕಲ್ಲಿನ ಚಪ್ಪಡಿ ಎತ್ತಿ, ಚಕ್ಕೆ ಎಬ್ಬಿಸಿ, ಕೈಗೊಡಲಿ ಮಾಡುತ್ತಿದ್ದರು. ಅದೂ ಭೀಮಾ ಶಿಲಾವರ್ಗದ್ದೇ ಕಲ್ಲು. ಅಲ್ಲೇ ಸಿಕ್ಕ ಪ್ರಾಣಿಗಳ ಹಲ್ಲಿನ ಎನಾಮಲ್ ಪರೀಕ್ಷಿಸಿದಾಗ ಸುಮಾರು 12 ಲಕ್ಷ ವರ್ಷದ ಕಾಲ ಸಿಕ್ಕಿತು. ಆ ಹಲ್ಲನ್ನು ಅಳೆದವರು ಯಾವ ಮತದವರೆಂದು ಕೇಳುವ ಅಗತ್ಯವೇ ಬೀಳುವುದಿಲ್ಲ.

ಸಾಕ್ಷ್ಯವನ್ನು ಅಲ್ಲಗಳೆಯುವ ಚಾಳಿ ಕೆಂಟಕಿಗೆ ಮಾತ್ರ ಸೀಮಿತವಲ್ಲ. 2018ರ ಜನವರಿಯಲ್ಲಿ ಕೇಂದ್ರದ ಮಂತ್ರಿಯೊಬ್ಬರು ಡಾರ್ವಿನ್ ಸಿದ್ಧಾಂತ ತಪ್ಪು, ಅದನ್ನು ಪಠ್ಯದಿಂದ ತೆಗೆಯಬೇಕು ಎಂದಾಗ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಕೂಡಿ ಖಂಡಿಸಿದವು. 2023ರಲ್ಲಿ ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ಪುಸ್ತಕದಿಂದ ವಿಕಾಸದ ಪಾಠ ಕೈಬಿಟ್ಟಾಗ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಬಹಿರಂಗ ಪತ್ರ ಬರೆದರು. ವೈಜ್ಞಾನಿಕ ಮನೋಭಾವ ಬೆಳೆಸುವುದು ನಾಗರಿಕರ ಕರ್ತವ್ಯವೆಂದು ನಮ್ಮ ಸಂವಿಧಾನದ 51ಎ ವಿಧಿಯೇ ಹೇಳುತ್ತದೆ.

ಕಲಬುರಗಿಯಲ್ಲಿ 1984ರಿಂದ ಜಿಲ್ಲಾ ವಿಜ್ಞಾನ ಕೇಂದ್ರವಿದೆ, ಸರಕಾರಿ ವಸ್ತುಸಂಗ್ರಹಾಲಯವೂ ಇದೆ. ಶಹಾಬಾದ್ ಪರಸಿ, ಲಾವಾ ಬಂಡೆಯ ತುಂಡು, ಈಸಾಂಪುರದ ಕೈಗೊಡಲಿ ಈ ಮೂರನ್ನೂ ಒಂದೇ ಕಡೆ ಇಟ್ಟು, ಪ್ರತಿಯೊಂದರ ವಯಸ್ಸನ್ನೂ ಅದನ್ನು ಕಂಡುಕೊಂಡ ಬಗೆಯನ್ನೂ ಸರಳ ಕನ್ನಡದಲ್ಲಿ ಬರೆದು, ಮಕ್ಕಳು ಮುಟ್ಟಿ ನೋಡುವಂಥ ಒಂದು ದೊಡ್ಡ ಕೋಣೆ ಈ ಊರಿಗೆ ಬೇಕು. ಆಡಳಿತ, ವಿಶ್ವವಿದ್ಯಾಲಯ, ಸಿಮೆಂಟು ಕಾರ್ಖಾನೆಗಳು ಕೈಜೋಡಿಸಿದರೆ ಅದು ಅಸಾಧ್ಯವೇನಲ್ಲ. ಅಲ್ಲಿಯವರೆಗೆ ಶಿಕ್ಷಕರು ಮಕ್ಕಳನ್ನು ಶಹಾಬಾದಿನ ಗಣಿಯ ಅಂಚಿಗೆ ಕರೆದೊಯ್ದು, ಪದರಗಳನ್ನು ಅವರ ಕೈಯಿಂದಲೇ ಎಣಿಸಿಸಲಿ.